ಮಮ್ಮು ಕಟ್ಟಿದ ಇಂಜಿನ್

“ಇದರಲ್ಲಿ ಎಂತ ನೋಡಲಿಕ್ಕುಂಟು ಬಾಯಮ್ಮ? ಹೊಸ ಬೇರಿಂಗ್ ಅಂತ ಹೇಳಿ ಹಳೇದನ್ನು ಹಾಕಿದ್ದಾನೆ ಆ ಮೆಕ್ಯಾನಿಕ್ ಮಮ್ಮು. ರಿಪೋರ್ಟಿಗೆ ನೀವೊಂದು ಸೈನ್ ಹಾಕಿ ಕೊಡಿ. ಉಳಿದದ್ದನ್ನು ವಕೀಲರು ನೋಡ್ತಾರೆ.”

ಚಿತ್ತರಂಜನ ಶೆಟ್ಟರು ಹೀಗೆ ಹೇಳಿದ್ದು ಬಲ್ಮಠದ ತಮ್ಮ ಮನೆಯೆದುರು, ಬಿಳಿ ಅಂಬಾಸಿಡರಿನ ಬಾನೆಟ್ ಮೇಲೆ ಕೈಯಿಟ್ಟುಕೊಂಡು. ತಂದೆಯ ಕಾಲದ ಕಾರು. ನಡೆಸುವ ಹೋಟೆಲು ದೊಡ್ಡದಾಗಿ ಮನೆಗೆ ಬೇರೆ ಎರಡು ಕಾರು ಬಂದರೂ ಶೆಟ್ಟರು ಹತ್ತುವುದು ಇದನ್ನೇ.

“ಸೈನ್ ಹಾಕಲಿಕ್ಕೆ ಪೆನ್ನು ತಂದಿದ್ದೇನೆ ಶೆಟ್ರೆ,” ಎಂದರು ವಿನಿಫ್ರೆಡ್ ಬಾಯಿ. “ಮೊದಲು ಸ್ಟಾರ್ಟ್ ಮಾಡಿ.”

ವಿನಿಫ್ರೆಡ್ ಬಾಯಿ ಇನ್ಶೂರೆನ್ಸ್ ಸರ್ವೇಯರ್ ಆಗಿದ್ದವರು. ಮುರಿದ ಗಾಡಿ ನೋಡಿ, ಮುರಿದದ್ದು ಯಾರ ತಪ್ಪಿನಿಂದ ಎಂದು ಹೇಳುವುದೇ ಅವರ ಜೀವಮಾನದ ಕೆಲಸ. ಈಗ ನಿವೃತ್ತಿ. ಆದರೂ ಇಂಥ ಜಗಳಗಳಿಗೆ ಊರು ಅವರನ್ನೇ ಕರೆಯುತ್ತದೆ. ಪಕ್ಕದ ಮನೆಯವನಾದ ನಾನು, ರಾಯ್‌ಸ್ಟನ್, ಅವರನ್ನು ಕರೆದೊಯ್ಯಬೇಕು, ಚೀಲ ಹಿಡಿಯಬೇಕು, ಮಧ್ಯೆ ಬಾಯಿ ಹಾಕದೆ ಇರಬೇಕು. ಮೂರನೆಯದು ನನಗೆ ಕಷ್ಟ.

ಇಂಜಿನ್ ಸ್ಟಾರ್ಟ್ ಆಯಿತು. ಮೊದಲಿಗೆ ಏನೂ ಇಲ್ಲ. ಬಿಸಿಯೇರಿದಂತೆ ಶುರುವಾಯಿತು — ಟಕ್. ಟಕ್. ಟಕ್. ಮುಚ್ಚಿದ ಬಾಗಿಲನ್ನು ಒಳಗಿನಿಂದ ಯಾರೋ ಬೆರಳ ಗೆಣ್ಣಿನಿಂದ ಬಡಿದ ಹಾಗೆ.

ಬಾಯಿ ಉದ್ದನೆಯ ಸ್ಕ್ರೂಡ್ರೈವರ್ ತೆಗೆದರು. ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಆನಿಸಿದರು.

“ಕಿವಿಗೆ ವಯಸ್ಸಾಯಿತು. ಎಲುಬಿಗೆ ಇನ್ನೂ ಆಗಲಿಲ್ಲ,” ಎಂದು ನನ್ನತ್ತ ಕಣ್ಣು ಮಿಟುಕಿಸಿ, “ಉಬೈದ್, ಒಂದೊಂದೇ ಪ್ಲಗ್ಗಿನ ವಯರ್ ತೆಗಿ,” ಎಂದರು.

ಉಬೈದ್ ಮಮ್ಮುವಿನ ಕೈಯಲ್ಲೇ ಕೆಲಸ ಕಲಿತು ಈಗ ಸ್ವಂತ ಗ್ಯಾರೇಜು ಇಟ್ಟವನು. ಬೇರಿಂಗ್ ಹೋಗಿದೆ ಎಂದು ಶೆಟ್ಟರಿಗೆ ಮೊದಲು ಹೇಳಿದವನೂ ಅವನೇ. ವಯರ್ ತೆಗೆದ ಸಿಲಿಂಡರಿನಲ್ಲಿ ಪೆಟ್ರೋಲು ಹೊತ್ತುವುದಿಲ್ಲ; ಸದ್ದು ಅದರದ್ದಾದರೆ ಇಳಿಯಬೇಕು. ಮೊದಲನೇ ವಯರ್ ತೆಗೆದ — ಬಡಿತ ಸ್ವಲ್ಪ ಇಳಿಯಿತು. ಅದನ್ನು ಹಾಕಿ ಎರಡನೆಯದು ತೆಗೆದ — ಆಗಲೂ ಸ್ವಲ್ಪ. ಮೂರು, ನಾಲ್ಕು — ಅದೇ ಕಥೆ.

“ಒಂದರದ್ದಲ್ಲ. ನಾಲ್ಕು ಸಿಲಿಂಡರಿನದ್ದೂ ಹೋಗಿದೆ,” ಎಂದರು ಬಾಯಿ.

“ನಾನು ಹೇಳಲಿಲ್ವಾ? ನಾಲ್ಕೂ ಹಳೇದು!” ಎಂದರು ಶೆಟ್ಟರು.

ಬಾಯಿ ಎಣ್ಣೆಯ ಕಡ್ಡಿ ಎಳೆದು ಮೂಸಿ ನೋಡಿದರು. ಎಣ್ಣೆ ತುಂಬ ಇತ್ತು, ಚೊಕ್ಕವೂ ಇತ್ತು.

“ಇಂಜಿನ್ ಕೆಲಸ ಆದ ಮೇಲೆ ಓಡಿಸಿದ್ದು ಯಾರು?”

ಶೆಟ್ಟರ ಕಣ್ಣು ಜಗಲಿಯಲ್ಲಿ ನಿಂತಿದ್ದ ರಿತೇಶನ ಮೇಲೆ ಹೋಯಿತು. ಅವರ ತಂಗಿಯ ಮಗ, ಇದೇ ಮನೆಯಲ್ಲಿದ್ದು ಹೋಟೆಲಿನ ಕೆಲಸ ನೋಡಿಕೊಳ್ಳುವವನು.

“ನನ್ನನ್ನು ಎಂತಕ್ಕೆ ನೋಡುವುದು ಮಾವ? ನೀವು ಕೀ ದಿಂಬಿನ ಅಡಿಯಲ್ಲಿ ಇಟ್ಟು ಮಲಗುವುದಲ್ವಾ? ಬಾಯಮ್ಮ, ಕೆಲಸ ಆದ ಮೇಲೆ ಈ ಕಾರನ್ನು ನಾನು ಮುಟ್ಟಲಿಲ್ಲ. ಮಾವ ಓಡಿಸುವಾಗ ಸೈಕಲಿನವರು ಓವರ್‌ಟೇಕ್ ಮಾಡಿ ಹೋಗ್ತಾರೆ!”

“ಮತ್ತೆ? ಹೊಸ ಇಂಜಿನ್, ಸಣ್ಣ ಮಗುವಿನ ಹಾಗೆ ನೋಡಿಕೊಳ್ಳಿ, ಕೂಗಿಸಬೇಡಿ ಅಂತ ಮಮ್ಮುವೇ ಹೇಳಿದ್ದು,” ಶೆಟ್ಟರು ಎದೆ ಸೆಟೆಸಿದರು. “ಒಂದು ದಿನವೂ ಕೂಗಿಸಲಿಲ್ಲ ನಾನು. ಒಂದು ದಿನವೂ!”

“ಮಕ್ಕಳನ್ನು ಇಷ್ಟು ಚಂದ ನೋಡಿಕೊಳ್ಳಲಿಲ್ಲ ಇವರು,” ಎಂದರು ಚಹಾ ತಂದ ಶಶಿಪ್ರಭಾ, ಶೆಟ್ಟರ ಹೆಂಡತಿ. “ಆದರೆ ಬಾಯಮ್ಮ, ಪೇಟೆಯಿಂದ ಗುಡ್ಡೆ ಹತ್ತುವಾಗ ಸೀಟು ಗಡಗಡ ನಡುಗ್ತದೆ. ನನ್ನ ಹಲ್ಲಿನ ಸೆಟ್ಟು ಬಿದ್ದುಹೋಗ್ತದಾ ಅಂತ ಹೆದರಿಕೆ.”

“ನಿನ್ನ ಹಲ್ಲಿನ ಪಂಚಾಯಿತಿ ಈಗ ಬೇಡ ಮಾರಾಯ್ತಿ.”

ನಾನು ನಕ್ಕುಬಿಟ್ಟೆ. ಬಾಯಿ ನಗಲಿಲ್ಲ.

“ಮೊದಲೆಲ್ಲ ಇಂಜಿನ್ ಕೆಲಸ ಆದಾಗ ಯಾರು ಓಡಿಸ್ತಿದ್ದದ್ದು?”

“ಮಮ್ಮು,” ಎಂದರು ಶಶಿಪ್ರಭಾ. “ಇಂಜಿನ್ ಪಳಗುವವರೆಗೆ ತಾನೇ ಓಡಿಸಿ ಕೊಡ್ತಿದ್ದ. ಈ ಸಲ ಕಣ್ಣಿನ ಆಪರೇಶನ್ ಆಗಿತ್ತು, ಡಾಕ್ಟರು ಡ್ರೈವಿಂಗ್ ಬೇಡ ಅಂದಿದ್ರು.”

“ಸದ್ದು ಬಂದ ಮೇಲೆ ಅವನಿಗೆ ತೋರಿಸಲಿಲ್ವಾ?”

ಶೆಟ್ಟರು ಚಹಾದ ಲೋಟ ಎತ್ತಿಕೊಂಡರು. ಕೊನೆಗೆ ಉಬೈದನೇ ಬಾಯಿ ಬಿಟ್ಟ. ಮಮ್ಮು ಹೋಟೆಲಿಗೇ ಬಂದಿದ್ದನಂತೆ. ಮಧ್ಯಾಹ್ನದ ಊಟದ ಹೊತ್ತು, ಹಾಲ್ ತುಂಬ ಜನ. ಬಾನೆಟ್ ತೆರೆದು ಒಮ್ಮೆ ಸದ್ದು ಕೇಳ್ತೇನೆ ಶೆಟ್ರೆ ಎಂದನಂತೆ. ಕಳ್ಳನ ಕೈಗೆ ಇನ್ನು ಕಾರು ಕೊಡುವುದಿಲ್ಲ ಎಂದರಂತೆ ಶೆಟ್ಟರು. ಕೈಯ ತುತ್ತು ಅರ್ಧದಲ್ಲಿ ನಿಲ್ಲಿಸಿ ಎಲ್ಲರೂ ಕೇಳಿದರು. ಮಾರನೆಯ ವಾರದಿಂದ ಕುದ್ರೋಳಿಯ ಮಮ್ಮುವಿನ ಗ್ಯಾರೇಜಿನಿಂದ ಒಂದೊಂದೇ ಗಾಡಿ ಬೇರೆ ಕಡೆಗೆ ಹೋಯಿತು.

“ನನ್ನ ಹತ್ತಿರವೂ ಬಂದವು,” ಉಬೈದ್ ತಲೆ ತಗ್ಗಿಸಿದ. “ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಅವರ ಗ್ಯಾರೇಜು ಮುಚ್ಚಿತು. ಈಗ ಅಲ್ಲಿ ಮೊಬೈಲ್ ಅಂಗಡಿಯ ಬೋರ್ಡು ಬಂದಿದೆ ಬಾಯಮ್ಮ.”

“ಅಡಿ ಬಿಚ್ಚು,” ಎಂದರು ವಿನಿಫ್ರೆಡ್ ಬಾಯಿ.

ಉಬೈದ್ ಕಾರಿನ ಕೆಳಗೆ ಮಲಗಿದ. ಎಣ್ಣೆ ಇಳಿಸಿ, ಅದು ನಿಲ್ಲುವ ತೊಟ್ಟಿಯನ್ನು ಕಳಚಿ, ಬೇರಿಂಗುಗಳನ್ನು ಒಂದೊಂದಾಗಿ ತೆಗೆದು ಹಳೇ ಪೇಪರಿನ ಮೇಲೆ ಇಟ್ಟ. ಒಂದೊಂದೂ ಎರಡು ಹೋಳು, ನಡುವೆ ಎರಡಾಗಿ ಕತ್ತರಿಸಿದ ಬಳೆಯ ಹಾಗೆ — ಮೇಲಿನದು ಒಂದು, ಕೆಳಗಿನದು ಒಂದು. ಬಾಯಿ ಒಂದು ಹೋಳನ್ನು ಕವುಚಿ ಭೂತಗನ್ನಡಿ ಹಿಡಿದರು.

“ಶೆಟ್ರೆ, ಬೆನ್ನಿನ ಮೇಲೆ ನಂಬರು ಉಂಟು. ಈ ಸಲ ಮಮ್ಮು ಕ್ರ್ಯಾಂಕನ್ನು, ಬೇರಿಂಗಿನೊಳಗೆ ತಿರುಗುವ ದಂಡವನ್ನು, ಸಾಣೆ ಹಿಡಿಸಿದ್ದಾನೆ, ಅದು ಸಪೂರ ಆಗಿದೆ. ಇದು ಆ ಹೊಸ ಅಳತೆಯ ಬೇರಿಂಗ್. ನಿಮ್ಮ ಹಳೇದನ್ನು ಹಾಕಿದ್ದರೆ ಗಾಡಿ ಗ್ಯಾರೇಜಿನ ಬಾಗಿಲು ದಾಟುತ್ತಿರಲಿಲ್ಲ.”

ಶೆಟ್ಟರ ಕೈ ಬಾನೆಟ್ ಬಿಟ್ಟು ಕೆಳಗಿಳಿಯಿತು.

“ಹಾಗಾದರೆ — ಯಾರು?”

“ಡ್ರೈವರ್ ಸೀಟಿನಲ್ಲಿ ಕೂತುಕೊಳ್ಳಿ.”

“ಇಂಜಿನ್ನೇ ಬಿಚ್ಚಿ ಹಾಕಿದ್ದೀರಲ್ಲ ಮಾರಾಯ್ರೆ!”

“ಕೂತುಕೊಳ್ಳಿ ಅಂದೆ. ಪೇಟೆಯ ಹಂಪನಕಟ್ಟೆಯಲ್ಲಿದ್ದೀರಿ, ಮನೆಗೆ ಬರ್ತಾ ಇದ್ದೀರಿ. ಹೇಗೆ ಓಡಿಸ್ತೀರೋ ಹಾಗೇ ಮಾಡಿ ತೋರಿಸಿ.”

ಎಪ್ಪತ್ತರ ಶೆಟ್ಟರು ಮಕ್ಕಳಾಟ ಆಡುವವರಂತೆ ನಾಚುತ್ತಾ ಕೂತರು. ಕ್ಲಚ್ ಒತ್ತಿದರು. ಸ್ಟಿಯರಿಂಗ್ ಪಕ್ಕದ ಗೇರಿನ ಕೋಲು ಆಡಿಸಿದರು — ಫಸ್ಟ್, ಸೆಕೆಂಡ್, ಥರ್ಡ್, ಟಾಪ್. ಆಮೇಲೆ ಕೈ ತೊಡೆಯ ಮೇಲೆ ಬಂದು ಕೂತಿತು.

“ಈಗ ಎಲ್ಲಿದ್ದೀರಿ?”

“ಗುಡ್ಡೆಯ ಬುಡದಲ್ಲಿ.”

“ಈಗ?”

“ಹತ್ತುತ್ತಾ ಇದ್ದೇನೆ. ಎದುರು ಬಸ್ಸು ಉಂಟು, ಮೆಲ್ಲ ಹೋಗ್ತಾ ಉಂಟು.”

“ಗೇರು?”

“ಟಾಪೇ. ಇಳಿಸಿದರೆ ಇಂಜಿನ್ ಕೂಗ್ತದಲ್ವಾ? ಟಾಪಿನಲ್ಲೇ ಮೆಲ್ಲ ಮೆಲ್ಲ ಹತ್ತಿಸ್ತೇನೆ. ಅಪ್ಪನೂ ಹಾಗೇ. ಟಾಪಿನಲ್ಲಿ ಗುಡ್ಡೆ ಹತ್ತಿದರೆ ಮಾತ್ರ ಅದು ಕಾರು ಅಂತಿದ್ದರು...”

ಶೆಟ್ಟರು ತಾವೇ ನಿಲ್ಲಿಸಿದರು. ತೊಡೆಯ ಮೇಲಿದ್ದ ಕೈಯನ್ನು ನೋಡಿಕೊಂಡರು.

ಬಾಯಿ ಬಾಗಿಲ ಬಳಿ ಬಂದು ನಿಂತರು. ಎರಡು ಹೋಳುಗಳನ್ನು ಅಂಗೈ ಮೇಲೆ ಚಾಚಿದರು. ಮೇಲಿನ ಹೋಳು ಸುತ್ತಿಗೆ ಪೆಟ್ಟು ತಿಂದಂತೆ ಚಪ್ಪಟೆ. ಕೆಳಗಿನದು ಕನ್ನಡಿಯಂತೆ ನುಣುಪು.

“ಎಣ್ಣೆ ಸಾಲದಿದ್ದರೆ ಎರಡೂ ಸುಟ್ಟುಹೋಗಬೇಕಿತ್ತು. ರಿತೇಶ ಹುಚ್ಚು ಸ್ಪೀಡಿನಲ್ಲಿ ಓಡಿಸಿದ್ದರೆ ಕೆಳಗಿನದಕ್ಕೂ ಏಟು ಬೀಳಬೇಕಿತ್ತು. ಮೇಲಿನದು ಮಾತ್ರ, ನಾಲ್ಕರಲ್ಲೂ ಒಂದೇ ಹಾಗೆ ಹೋಗಿದೆ. ಇಂಜಿನ್ ಬೇಗ ಬೇಗ ತಿರುಗಿದರೆ ಮಾತ್ರ ಇವುಗಳ ಮಧ್ಯೆ ಎಣ್ಣೆ ಹಾಸಿಗೆಯ ಹಾಗೆ ನಿಲ್ತದೆ. ಗುಡ್ಡೆಯಲ್ಲಿ ಟಾಪ್ ಗೇರು, ನಡೆಯುವವನ ಸ್ಪೀಡು — ಹಾಸಿಗೆ ಇಲ್ಲ, ಹೊರೆ ಮಾತ್ರ ಉಂಟು. ಒಂದೊಂದು ಸಲ ಪೆಟ್ರೋಲು ಹೊತ್ತುವಾಗಲೂ ಒಂದು ಪೆಟ್ಟು. ಇಂಜಿನ್ ಆಗಲೇ ನಡುಗಿ ಹೇಳ್ತಿತ್ತು ಶೆಟ್ರೆ. ನಿಮ್ಮ ಹೆಂಡತಿಯ ಹಲ್ಲಿಗೆ ಕೇಳಿಸಿತು. ನಮಗೆ ಅದು ತಮಾಷೆಯಾಯಿತು.”

“ನಾನಾ?” ಎಂದರು ಶೆಟ್ಟರು. ಧ್ವನಿ ಎಲ್ಲೋ ಅಡಿಯಿಂದ ಬಂತು. “ನಾನೇನಾ?”

“ನೀವೇ. ಮಮ್ಮುವಿನ ಮಾತನ್ನು ಅತಿಯಾಗಿ ಪಾಲಿಸಿದಿರಿ. ಅವನೇ ಕಟ್ಟಿದ ಇಂಜಿನ್ ಅಂತ ಅಷ್ಟು ಪ್ರೀತಿ ನಿಮಗೆ.”

ಶಶಿಪ್ರಭಾ ಸೆರಗಿನ ತುದಿ ಬಾಯಿಗೊತ್ತಿಕೊಂಡು ಒಳಗೆ ಹೋದರು. ಬಾಯಿ ಸೈನ್ ಹಾಕಲಿಲ್ಲ.

ನನ್ನ ಕಾರಿನಲ್ಲಿ ಉಳ್ಳಾಲಕ್ಕೆ, ಮಮ್ಮು ಈಗ ಇರುವಲ್ಲಿಗೆ, ಹೊರಟೆವು. ನೇತ್ರಾವತಿ ಸೇತುವೆ ದಾಟುವವರೆಗೂ ಶೆಟ್ಟರದ್ದು ಒಂದೇ ಮಾತು: “ಅವ ಕೇಳಿದ್ದು ಬಾನೆಟ್ ತೆರೆದು ನೋಡಲಿಕ್ಕೆ ಮಾತ್ರ ಅಲ್ವಾ ರಾಯ್‌ಸ್ಟನ್?”

ಮಗಳು ನಜ್ಲಾಳ ಮನೆಯ ಹೊರಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿ ಮಮ್ಮು ಕೂತಿದ್ದ. ಶೆಟ್ಟರನ್ನು ಕಂಡು ಎದ್ದು ನಿಂತ. ಎದುರು ಕುರ್ಚಿ ತೋರಿಸಿದ. ಬಾಯಿ ಎಲ್ಲವನ್ನೂ ಹೇಳಿ ಮುಗಿಸಿದರು.

“ಮೇಲಿನ ಹೋಳು ಮಾತ್ರವಾ?” ಮಮ್ಮು ಕೇಳಿದ್ದು ಅದೊಂದೇ.

“ಮೇಲಿನದು ಮಾತ್ರ.”

“ಗೇರು ಇಳಿಸಿ ಅಂತ ನಾನೂ ಹೇಳಬೇಕಿತ್ತು. ಹೊಸ ಇಂಜಿನ್ ಪಳಗಿಸುವ ಕೆಲಸ ಯಾವಾಗಲೂ ನಾನೇ ಮಾಡ್ತಿದ್ದೆ ಅಲ್ವಾ, ಬಾಯಿಯಲ್ಲಿ ಹೇಳಿ ಅಭ್ಯಾಸ ಇಲ್ಲ.”

“ಮಮ್ಮು,” ಶೆಟ್ಟರು ಕುರ್ಚಿಯ ತುದಿಗೆ ಜರುಗಿದರು. “ನಾಳೆ ಮಧ್ಯಾಹ್ನ ಹೋಟೆಲಿಗೆ ಬಾ. ಅದೇ ಹಾಲ್‌ನಲ್ಲಿ, ಎಲ್ಲರ ಎದುರು ಹೇಳ್ತೇನೆ. ನನ್ನದೇ ತಪ್ಪು ಅಂತ ಹೇಳ್ತೇನೆ.”

ಮಮ್ಮು ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ.

“ಆ ದಿನ ಊಟಕ್ಕೆ ಕೂತವರೆಲ್ಲ ನಾಳೆ ಬರ್ತಾರಾ ಶೆಟ್ರೆ?”

ಕರೆಂಟು ಹೋಯಿತು. ಮೇಲಿನ ಫ್ಯಾನು ನಿಧಾನವಾಗಿ ನಿಂತು, ಸೆಕೆಯೊಳಗೆ ಕಡಲಿನ ಸದ್ದು ಬಂತು. ನಜ್ಲಾ ಒಳಗಿನಿಂದ ಬೀಸಣಿಗೆ ತಂದು ತಂದೆಯ ಕೈಗೆ ಕೊಟ್ಟಳು. ಮಮ್ಮು ಸ್ವಲ್ಪ ಹೊತ್ತು ತನಗೇ ಬೀಸಿಕೊಂಡ. ಆಮೇಲೆ, ಶೆಟ್ಟರ ಕಡೆ ನೋಡದೆಯೇ, ಗಾಳಿ ಇಬ್ಬರಿಗೂ ತಾಗುವ ಹಾಗೆ ಕೈಯನ್ನು ತುಸು ದೂರ ಚಾಚಿ ಬೀಸತೊಡಗಿದ.