ಎರಡು ಮೈಕಿನ ನಡುವೆ

ಕ್ಯಾಸೆಟ್ಟಿನಲ್ಲಿ ಹಾರ್ಮೋನಿಯಂ ಇತ್ತು, ತಬಲಾ ಇತ್ತು. ಹಾಡುವವರೇ ಇರಲಿಲ್ಲ.

ಎಂಬತ್ನಾಲ್ಕರ ಬೇಸಿಗೆ. ಬೆಟಗೇರಿಯ ನಜೀರಸಾಬರ ರೆಕಾರ್ಡಿಂಗ್ ಅಂಗಡಿ. ಕ್ಯಾಸೆಟ್ ಹಿಡಿದು ಬಂದವರು ವಿಜ್ಞಾನದ ಮಾಸ್ತರ ಗುರುರಾಜ. ಅವರ ತಾಯಿ ಭಾಗೀರಥಿಬಾಯಿ ಹಿಂದಿನ ತಿಂಗಳು ಇಲ್ಲೇ ಕೂತು ದೇವರನಾಮ ಹಾಡಿ, ಹನ್ನೊಂದು ದಿನಕ್ಕೆ ತೀರಿಕೊಂಡಿದ್ದರು. ಸೂತಕ ಕಳೆದ ಮೇಲೆ ಮಗ ಕ್ಯಾಸೆಟ್ ಹಚ್ಚಿದ್ದರು. ಆ ದನಿ ಬೇರೆ ಯಾವ ಟೇಪಿನಲ್ಲೂ ಇರಲಿಲ್ಲ.

“ಮೊದಲು ತುಂಬಿದ ದೊಡ್ಡ ಟೇಪ್ ಐತಲ್ಲ, ಅದರಿಂದ ಮತ್ತೊಂದು ಕ್ಯಾಸೆಟ್ ತಗದ್ರಾತು,” ಎಂದಳು ಸಾಬೀರಾ. ಅವಳು ಮಿಕ್ಸಿಂಗ್ ಕಲಿಯಲು ಬಂದು ಎರಡು ತಿಂಗಳಾಗಿತ್ತು.

ಕೆಲಸದ ಇಸಾಕ ತಲೆ ತಗ್ಗಿಸಿದ. “ಅದರ ಮ್ಯಾಲೆ ಶಿರಹಟ್ಟಿ ನಾಟಕ ತುಂಬೇನಿ. ಕ್ಯಾಸೆಟ್ ಕೊಟ್ಟ ಮ್ಯಾಲೆ ಯಾವಾಗ್ಲೂ ಹಂಗಽ ಮಾಡ್ತೀವಲ್ರಿ ಚಾಚಾ.”

“ಹಂಗಾರ ದನೀನೂ ನೀನಽ ಅಳಿಸಿದಿ,” ಎಂದರು ನಜೀರಸಾಬರು. “ಅವು ಕೈಯಲ್ಲಲೇ, ಒಲಿಗೆ ಹಾಕೂ ಕಟಗಿ. ನಾಳಿಂದ ಬರಬ್ಯಾಡ.”

“ತಡೀರಿ,” ಎಂದರು ಗುರುರಾಜ. “ಎಲ್ಲಾ ಒಂದಽ ಸಲ ತುಂಬಿದ್ದಲ್ಲ? ಅಳಿಸಿದ್ರ ತಬಲಾ ಹೆಂಗ ಉಳೀತು?”

ಅವರು ಸಾಬೀರಾಳ ಕಡೆ ತಿರುಗಿದರು.

“ಎಷ್ಟು ಮೈಕು?”

“ಎರಡು,” ಎಂದಳು ಸಾಬೀರಾ. “ಎಡಕ್ಕ ಹಾರ್ಮೋನಿಯಂ, ಬಲಕ್ಕ ತಬಲಾ. ಅವ್ವಾರು ನಟ್ಟನಡುವ.”

“ತುಂಬುವಾಗ ದನಿ ಕೇಳಿತ್ತೇನು?”

“ಹೆಡ್‌ಫೋನಿನ್ಯಾಗ ಎರಡೂ ಕಿವಿಗೆ ಇತ್ರಿ.”

“ಆಮ್ಯಾಲ?”

“ಮನಿ ಟೇಪಿಗೆ ಒಂದಽ ಸ್ಪೀಕರ್ ಅಂತ ಅವ್ವಾರು ಅಂದಿದ್ರು. ಕ್ಯಾಸೆಟ್ಟಿಗೆ ಹಾಕುವಾಗ ಎರಡನ್ನೂ ಕೂಡಿಸಿ ಒಂದು ಮಾಡಿದೆ.”

ಗುರುರಾಜ ಎರಡೂ ಮೈಕುಗಳನ್ನು ಬಾಯಿಯ ಮುಂದೆ ಜೋಡಿಸಿ ಹಿಡಿದು ಒಂದು, ಎರಡು ಎಂದು ಎಣಿಸತೊಡಗಿದರು. ಒಂದನ್ನು ತೆರೆದಾಗ ಸ್ಪೀಕರ್ ಗಟ್ಟಿಯಾಗಿ ಎಣಿಸಿತು. ಸಾಬೀರಾ ಎರಡನೆಯ ಮೈಕಿನ ಗುಂಡಿಯನ್ನೂ ಏರಿಸಿದಳು. ದನಿ ಹೆಚ್ಚಬೇಕಿತ್ತು — ಬಾವಿಯ ತಳಕ್ಕೆ ಇಳಿದಂತೆ ಅಡಗಿಹೋಯಿತು.

ಗುರುರಾಜ ಎರಡೂ ಮೈಕಿನ ಪ್ಲಗ್ ಬಿಚ್ಚಿ ಹೋಲಿಸಿದರು. ಬಲಗಡೆಯದರಲ್ಲಿ ಬಿಳಿ ತಂತಿಯ ಜಾಗದಲ್ಲಿ ಕೆಂಪು, ಕೆಂಪಿನ ಜಾಗದಲ್ಲಿ ಬಿಳಿ.

“ಯಾರೂ ಅಳಿಸಿಲ್ಲ. ತಂತಿ ಅದಲುಬದಲಾಗ್ಯಾವ, ಆ ಮೈಕು ದನೀನ ತಳ್ಳಿದಾಗ ಈ ಮೈಕು ಎಳೀತದ. ವಾದ್ಯ ಒಂದೊಂದು ಮೈಕಿಗಷ್ಟಽ ಹತ್ರ ಇದ್ದವು, ಉಳದವು. ಅವ್ವ ಎರಡಕ್ಕೂ ಸಮ ಕೂತಿದ್ದಳು. ಕೂಡಿಸಿದ ಕೂಡಲೇ ಅವಳ ದನೀನ ಅವಳ ದನಿಽ ತಿಂತು.” ಅವರು ಪ್ಲಗ್ ಮೇಜಿನ ಮೇಲಿಟ್ಟರು. “ಇದನ್ನ ಬೆಸದವರು ಯಾರು?”

ನಜೀರಸಾಬರು ಇಸಾಕನನ್ನು ನೋಡಿದರು.

“ನಾನ್ರಿ,” ಎಂದಳು ಸಾಬೀರಾ. ಅವಳೊಬ್ಬಳೇ ಮಾಡಿದ ಮೊದಲ ಬೆಸುಗೆ ಅದು. ಒಂದು ಎಳೆಯೂ ಹೊರಗೆ ಚಾಚಿರಲಿಲ್ಲ.

ಗುರುರಾಜ ಬಯ್ಯಲಿಲ್ಲ. “ಅವತ್ತು ನಾ ಸಾಲ್ಯಾಗಿದ್ದೆ. ಅವಳ ಹಾಡು ಕಡೀಕೆ ಕೇಳಿದಾಕಿ ನೀನು. ಹೆಂಗ ಹಾಡಿದಳು, ಹೇಳು.”

ಸಾಬೀರಾ ನೆನೆಸಿಕೊಳ್ಳಲು ನೋಡಿದಳು. ದನಿಯ ಮಟ್ಟ ತೋರಿಸುವ ಮೀಟರಿನ ಮುಳ್ಳು ನೆನಪಾಯಿತು. ಅದು ಕೆಂಪು ಗೆರೆ ದಾಟದಂತೆ ಗುಂಡಿ ಹಿಡಿದಿದ್ದ ತನ್ನ ಬೆರಳು ನೆನಪಾಯಿತು.

“ಹಾಡು ಕೇಳಲಿಲ್ರಿ,” ಎಂದಳು. “ಮುಳ್ಳು ನೋಡ್ಕೋಂತ ಕುಂತಿದ್ದೆ.”