ಅಲಾತೋಬೆಯ ಮೇಲಿನ ಗೆರೆಗಳು

ಮೇ ಹನ್ನೊಂದರ ಬೆಳಿಗ್ಗೆ ಕರಸಾಯ್ ಠಾಣೆಗೆ ಉಪಗ್ರಹ ಫೋನಿನಿಂದ ದೂರು ಬಂತು. ದೂರದ ಅಲ್ಮಾಟಿ ನಗರದ ಅರ್ಸೆನ್ ಎಂಬಾತ ನಾಲ್ವರನ್ನು ಮಂಗಿಸ್ತೌ ಬಯಲಿಗೆ ಮೋಟಾರ್‌ಸೈಕಲ್ ಪ್ರವಾಸಕ್ಕೆ ಕರೆತಂದಿದ್ದ. ಅಲಾತೋಬೆ ಗುಡ್ಡದ ಬುಡದಲ್ಲಿ ಡೇರೆ. ಫೋಟೊ ತೆಗೆಯಲೆಂದು ಎಲ್ಲರೂ ಪಕ್ಕದ ಬಂಡೆ ಹತ್ತಿ ಇಳಿಯುವಷ್ಟರಲ್ಲಿ ಐದೂ ಗಾಡಿಗಳ ಕೀ ಮಾಯ. ಬದಲಿ ಕೀಗಳು ಅಲ್ಮಾಟಿಯಲ್ಲಿವೆ.

"ಕೀ ಗಾಡೀಲೇ ಬಿಟ್ಟಿದ್ರಾ?" ಇನ್‌ಸ್ಪೆಕ್ಟರ್ ಒತೆಗೆನ್ ಕೇಳಿದ.

"ಸುತ್ತಮುತ್ತ ನರಪಿಳ್ಳೆ ಇಲ್ಲ ಸಾರ್ ಇಲ್ಲಿ."

"ಒಬ್ಬರಂತೂ ಇದ್ದಾರಲ್ಲ."

ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಕುವಾನಿಶ್‌ನನ್ನು ಕರೆದುಕೊಂಡು ಒತೆಗೆನ್ ಹೊರಟ. ತಲುಪುವಾಗ ಮಧ್ಯಾಹ್ನ. ಕೆಂಪು, ಬಿಳಿ, ಕಂದು ಪಟ್ಟೆಗಳ ಗುಡ್ಡ ಬಿಸಿಲಿಗೆ ಹೊಳೆಯುತ್ತಿತ್ತು. ಬುಡದಲ್ಲಿ ಐದು ಗಾಡಿಗಳು ಕದಲದೆ ನಿಂತಿದ್ದವು.

"ಕಳ್ಳ ಏನಾದ್ರೂ ಬಿಟ್ಟುಹೋಗಿದ್ದಾನಾ?"

"ಒಂದು ಕ್ಯಾನು. ಒಂಟೆ ಹಾಲಿನ ಶುಬಾತ್, ಬಟ್ಟೇಲಿ ಸುತ್ತಿದ ರೊಟ್ಟಿ. ನೆರಳಲ್ಲಿ ಇಟ್ಟು ಹೋಗಿದ್ದ. ವಿಷ ಇರಬಹುದು ಅಂತ ಹಾಲನ್ನ ಚೆಲ್ಲಿಬಿಟ್ವಿ," ಅಂದ ಅರ್ಸೆನ್.

ಕುವಾನಿಶ್ ಖಾಲಿ ಕ್ಯಾನು ಮೂಸಿ ಲೊಚಗುಟ್ಟಿದ. "ಇಂಥಾದ್ದನ್ನ ಚೆಲ್ಲಿದ್ದಕ್ಕೆ ನಿಮ್ಮ ಮೇಲೇ ಕೇಸು ಹಾಕಬೇಕು ಕಣಣ್ಣ."

ಒತೆಗೆನ್ ನಗಲಿಲ್ಲ. ಗಾಡಿಗಳು ಕದಲದಂತೆ ಮಾಡಿದ್ದಾನೆ, ಆದರೆ ಬಾಯಾರಿ ಸಾಯಲು ಬಿಟ್ಟಿಲ್ಲ. ಕಳ್ಳ ಈ ಬಯಲಿನವನೇ.

ಬಂದವರ ಹೆಜ್ಜೆ ಬೇರ್ಪಡಿಸಬೇಕಾದರೆ ಅಲ್ಲಿದ್ದ ಎಲ್ಲ ಗುರುತನ್ನೂ ಪಂಚನಾಮೆಯಲ್ಲಿ ಬರೆಯಲೇಬೇಕಿತ್ತು. ಟೇಪು ಹಿಡಿದು ಇಳಿಜಾರು ಹತ್ತಿದರು. ಜೇಡಿಮಣ್ಣಿನ ಮೇಲಿನ ತೆಳು ಪದರ ಒಡೆದು ಟೈರಿನ ಗೆರೆಗಳು ತುದಿಯವರೆಗೂ ಹರಿದಿದ್ದವು. ಕೆಲವು ಈ ವಾರದವು, ಕೆಲವು ಹೋದ ವರ್ಷದವು. ಪಟ್ಟೆಗಳ ಬಣ್ಣ ಒಂದರೊಳಗೊಂದು ಕಲಸಿಹೋಗಿತ್ತು.

"ಹತ್ತೋದರಲ್ಲೇ ಮಜಾ ಇರೋದು ಸಾರ್," ಅಂದ ಒಬ್ಬ ಸವಾರ.

ನಲವತ್ತಮೂರು ಗೆರೆ. ಅವುಗಳ ನಡುವೆ ಹೊರಗಿನವರ ಹೆಜ್ಜೆಯಾಗಲಿ ಗೊರಸಿನ ಗುರುತಾಗಲಿ ಒಂದೂ ಇಲ್ಲ. ಗೊರಸಿನ ಗುರುತು ಸಿಕ್ಕಿದ್ದು ಕೆಳಗೆ, ಒಣಗಿದ ಹಳ್ಳದ ಕಲ್ಲುಗಳ ನಡುವೆ. ಒಂದೇ ಕುದುರೆ, ಬಂದದ್ದೂ ಪೂರ್ವದಿಂದ, ಹೋದದ್ದೂ ಪೂರ್ವಕ್ಕೆ.

"ಇದೇನು ಸಾಹೇಬ್ರೇ? ಗುಡ್ಡ ದಾಟಿದ್ರೆ ಅರ್ಧ ದಾರಿ ಉಳೀತಿತ್ತು. ಕದ್ದು ಓಡೋನು ಸುತ್ತಿ ಹೋಗ್ತಾನಾ?" ಕುವಾನಿಶ್ ಕೇಳಿದ.

"ಗುಡ್ಡದ ಮೇಲೆ ಕಾಲಿಡಲ್ಲ ಅಂದ್ಕೊಂಡೋರು ಹೋಗ್ತಾರೆ."

ಕುವಾನಿಶ್‌ನ ಮುಖ ಇಳಿಯಿತು. "ಕ್ಯುನ್ಸುಲು ಅಕ್ಕ! ಚಳಿಗಾಲದಲ್ಲಿ ಮೂರು ಸಲ ಈ ಗೆರೆಗಳ ದೂರು ಹಿಡ್ಕೊಂಡು ಠಾಣೆಗೆ ಬಂದಿದ್ರು. ಮಣ್ಣಿನ ಮೇಲೆ ಗೆರೆ ಬಿದ್ರೆ ಯಾವ ಕಲಮು ಹಾಕೋದಮ್ಮ ಅಂತ ನೀವೇ ವಾಪಸ್ ಕಳಿಸಿದ್ರಿ."

ಒತೆಗೆನ್ ಪಂಚನಾಮೆ ಮಡಚಿ ಜೇಬಿಗಿಟ್ಟ.

ಕ್ಯುನ್ಸುಲು ಒಂಟೆ ಸಾಕುವವಳು. ಜೀಪು ಅವಳ ಮನೆಯ ಮುಂದೆ ನಿಂತಾಗ ಮರಿ ಬಿಟ್ಟು ಹಾಲು ಕರೆಯುತ್ತಿದ್ದಳು. ಕರೆದು ಮುಗಿಸಿಯೇ ಎದ್ದಳು. ಜೀಪಿನಿಂದ ಅರ್ಸೆನ್ ಕೂಡ ಇಳಿದ.

"ಶುಬಾತ್ ಕುಡಿದ್ರಾ ಇವರು?"

"ಚೆಲ್ಲಿದ್ರು," ಅಂದ ಒತೆಗೆನ್.

"ಅಯ್ಯೋ ಪಾಪಿಗಳಾ! ಒಳಗೆ ಬನ್ನಿ, ಚಹಾನಾದ್ರೂ ಕುಡೀರಿ. ಅದನ್ನ ಚೆಲ್ಲೋಕೆ ಬಿಡಲ್ಲ."

ಗೋಡೆಯ ಮೊಳೆಯಲ್ಲಿ ಲಗಾಮಿನ ಪಕ್ಕ ಐದು ಕೀಗಳು ತೂಗುತ್ತಿದ್ದವು.

"ನೀವೇ ತಗೊಂಡಿದ್ದಾ ಅಕ್ಕ?"

"ಮತ್ತೆ? ಕುದುರೆ ತಗೊಳ್ಳುತ್ತಾ?"

ಅರ್ಸೆನ್ ಮುಂದೆ ಬಂದ. ಗೆರೆ ಅಳೆಯುವಾಗಿನಿಂದ ಅವನು ಬೆವರುತ್ತಿದ್ದ. "ಕೀ ಸಿಕ್ತಲ್ಲ ಸಾರ್, ಬಿಟ್ಬಿಡಿ. ರಾಜಿ ಮಾಡ್ಕೋತೀನಿ."

"ರಾಜಿಗೆ ಎರಡೂ ಕಡೆಯವರ ಸಹಿ ಬೇಕು."

"ನಾನು ಹಾಕಲ್ಲ," ಅಂದಳು ಕ್ಯುನ್ಸುಲು.

"ಅಕ್ಕಾ, ಇದು ಕಳ್ಳತನದ ಕೇಸು. ಜೈಲಾದ್ರೂ ಆಗಬಹುದು."

"ಆಗಲಿ. ಒಂಟೆಗಳನ್ನ ತಂಗಿ ನೋಡ್ಕೋತಾಳೆ. ನಾನು ಮೂರು ಸಲ ಬಂದಾಗ ನಿಮ್ಮ ಪೆನ್ನು ಮೇಲೇಳಲಿಲ್ಲ. ಇವರ ಕೀ ಹೋದ್ರೆ ಟೇಪು, ಕ್ಯಾಮೆರಾ, ಜೀಪು ಎಲ್ಲಾ ಬಂತು. ಎಷ್ಟು ಗೆರೆ ಬರೆದ್ರಿ?"

"ನಲವತ್ತಮೂರು."

"ಫೋಟೊ?"

"ತೆಗೆದಿದ್ದೀವಿ."

"ಹಾಗಾದ್ರೆ ನನ್ನ ಕೇಸು ನಡೀಲೇಬೇಕು. ನ್ಯಾಯಾಧೀಶರು ನನ್ನ ಕಳ್ಳತನ ಓದೋವಾಗ ಅದನ್ನೂ ಓದಲಿ. ಈಗ ರಾಜಿ ಮಾಡ್ಕೊಂಡ್ರೆ ಆ ಕಾಗದ ನಿಮ್ಮ ಕಪಾಟಲ್ಲಿ ಗೆದ್ದಲು ಹಿಡಿಯುತ್ತೆ, ಇವರು ಮತ್ತೆ ಬರ್ತಾರೆ."

"ಮಳೆ ಬಂದ್ರೆ ಅಳಿಸಿ ಹೋಗುತ್ತೆ ಅಕ್ಕಾ," ಅಂದ ಅರ್ಸೆನ್.

ಕ್ಯುನ್ಸುಲು ಅವನ ತೋಳು ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋದಳು. ಅಲಾತೋಬೆಯ ಪೂರ್ವದ ಮುಖ ಅಲ್ಲಿಂದ ಸ್ಪಷ್ಟವಾಗಿ ಕಾಣುತ್ತಿತ್ತು. ಪಟ್ಟೆಗಳನ್ನು ಅಡ್ಡಲಾಗಿ ಸೀಳಿಕೊಂಡು ಎರಡು ಕೊರಕಲುಗಳು ಜೊತೆಜೊತೆಯಾಗಿ ಇಳಿದಿದ್ದವು.

"ಅದು ನಮ್ಮಪ್ಪನ ಲಾರಿ ಹೋದ ಗುರುತು. ನಾನು ಹುಟ್ಟಿದ ದಿನ, ಬೇಗ ಮನೆ ಸೇರಬೇಕು ಅಂತ ಅಡ್ಡ ಹಾದಿ ಹಿಡಿದ. ಒಂದೇ ಸಲ. ನನಗೀಗ ಐವತ್ತೆರಡು. ಎಲ್ಲಪ್ಪಾ ನಿನ್ನ ಮಳೆ?"

ಮಳೆ ಅಳಿಸಿರಲಿಲ್ಲ, ಒಡೆದ ಪದರದೊಳಗೆ ನೀರು ಹರಿದು ಚಕ್ರದ ಗುರುತು ಆಳುದ್ದ ಕೊರೆದಿತ್ತು. ಆಮೇಲೆ ಅಪ್ಪ ಸಾಯುವವರೆಗೂ ಗುಡ್ಡವನ್ನು ಸುತ್ತಿಯೇ ನಡೆದ. ಮಗಳಿಗೂ ಅದನ್ನೇ ಕಲಿಸಿದ. ಮಗಳು ಕುದುರೆಗೆ ಕಲಿಸಿದಳು.

ಸಂಜೆ ನಾಲ್ಕೂ ನಲವತ್ತಕ್ಕೆ ಅವಳ ಮನೆಯಲ್ಲೇ ಬಂಧನ ದಾಖಲಾಯಿತು. ಕ್ಯುನ್ಸುಲು ಬಿಳಿಯ ತಲೆವಸ್ತ್ರ ಕಟ್ಟಿಕೊಂಡು ಬಂದು, ಪಂಚನಾಮೆ ಓದಿಸಿ ಕೇಳಿದಳು.

"ಒಂದು ಬಿಟ್ಟಿದ್ದೀರಿ."

"ಯಾವುದಕ್ಕಾ?"

"ಲಾರಿದು."

"ಅದು ಹಳೇದು. ಈ ಕೇಸಿಗೆ ಸಂಬಂಧ ಇಲ್ಲ. ಬರೆದ್ರೆ ವಕೀಲರು ಅದನ್ನೇ ನಿಮ್ಮ ಮೇಲೆ ತಿರುಗಿಸ್ತಾರೆ."

"ತಿರುಗಿಸಲಿ. ಇವರದನ್ನ ಬರೆದು ನಮ್ಮದನ್ನ ಬಿಟ್ರೆ ನಾನು ಯಾವ ಬಾಯಲ್ಲಿ ಕೋರ್ಟಲ್ಲಿ ನಿಲ್ಲಲಿ?"

ಒತೆಗೆನ್ ಪೆನ್ನಿನ ಮುಚ್ಚಳ ತೆಗೆದ. "ಯಾರ ವಾಹನ ಅಂತ ಬರೀಲಿ?"

"ನಮ್ಮಪ್ಪ ಎಸೆನ್‌ಬಾಯ್‌ದು. ಅಕ್ಷರ ತಪ್ಪಬೇಡಿ."

ಅವನು ಬರೆದ. ಅವಳು ಎದ್ದು ತಾನಾಗಿ ಜೀಪಿನ ಹಿಂದಿನ ಸೀಟಿಗೆ ಹತ್ತಿ, ಸಂಜೆಯ ಬೆಳಕು ಹೋಗುವ ಮುಂಚೆ ಆ ಎರಡು ಗೆರೆಗಳ ಫೋಟೊ ತೆಗೆಯಲು ಕುವಾನಿಶ್‌ಗೆ ಹೇಳಿದಳು.