ನಿಧಿ ಸಿಕ್ಕಿಲ್ಲವೆಂದ ಸುಗಂಧಿ

ಸುಗಂಧಿಯ ಬಲಗಾಲಿನ ಹೆಬ್ಬೆರಳಿಗೆ ನಿಧಿ ತಾಗಿ ಅಂದಿಗೆ ಮೂರು ದಿನವಾಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗಂತೂ ಹೇಳಿರಲೇ ಇಲ್ಲ. ಆ ಗಂಡ ಈಗ ಮಟ್ಟುವಿನ ಹೊಳೆಯಲ್ಲಿ, ಅವಳಿಂದ ನಾಲ್ಕು ಮಾರು ದೂರದಲ್ಲಿ, ಸೊಂಟದ ತನಕ ನೀರಿನಲ್ಲಿ ನಿಂತು ಅದೇ ನಿಧಿಯನ್ನು ಹುಡುಕುತ್ತಿದ್ದ.

"ಎಂತ, ಇವತ್ತೂ ಬರೀ ಮರುವಾಯಿಯಾ?" ಎಂದು ರಾಮದಾಸ ನಕ್ಕ.

"ಬರೀ ಮರುವಾಯಿ," ಎಂದು ಅವಳು ಒಂದು ಚಿಪ್ಪನ್ನು ಎತ್ತಿ ತೋರಿಸಿದಳು. ಅವನ ಮುಖ ನೋಡದೆ ಅದನ್ನು ಬೇಗನೆ ಬುಟ್ಟಿಗೆ ಹಾಕಿದಳು.

ಮರುವಾಯಿ ಎಂಬ ಈ ಚಿಪ್ಪುಮೀನನ್ನು ಕಣ್ಣಿನಿಂದ ಹುಡುಕುವುದಿಲ್ಲ, ಕಾಲಿನಿಂದ ಹುಡುಕುವುದು. ನೀರು ಇಳಿದ ಹೊತ್ತಿನಲ್ಲಿ ಹೊಳೆಗಿಳಿದು ಕೆಸರನ್ನು ಹೆಬ್ಬೆರಳಿನಿಂದ ತಡವಬೇಕು. ಗಟ್ಟಿಯಾದದ್ದು ತಾಗಿದರೆ ಬಗ್ಗಿ ಹೆಕ್ಕಬೇಕು. ಸುಗಂಧಿ ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ. ಆದ್ದರಿಂದಲೇ ಅಂಗಾರ ಮಾವ ಈ ಹುಡುಕಾಟವನ್ನು ಅವಳಿಗೆ ವಹಿಸಿದ್ದರು. ಅಂಗಾರ ಮಾವ ಅವಳ ಅಮ್ಮನ ಅಣ್ಣ, ಮನೆಯ ಯಜಮಾನ. ಅವರ ಅಜ್ಜ ಮಂಜಿ ಹಡಗಿನಲ್ಲಿ ಅಕ್ಕಿ, ಹೆಂಚು ಸಾಗಿಸಿ ಮಾಡಿದ ಚಿನ್ನವನ್ನು ದೊಡ್ಡ ನೆರೆಯ ವರ್ಷ ತಾಮ್ರದ ಕೊಡಕ್ಕೆ ತುಂಬಿ, ಸಂಕೋಲೆ ಬಿಗಿದು, ಹಡಗು ಕಟ್ಟುವ ಧಕ್ಕೆಯ ಕಲ್ಲಿನ ಬುಡದಲ್ಲಿ ಇಳಿಸಿದ್ದರಂತೆ. ಜಾಗ ಹೇಳುವ ಮೊದಲೇ ಜ್ವರ ಬಂದು ಸತ್ತರು. ಮನೆಯ ಗಂಡಸರು ಎರಡು ತಲೆಮಾರು ದಡವನ್ನೇ ಅಗೆದರು. ಹೊಳೆ ದಿಕ್ಕು ಬದಲಿಸಿ ಹಳೆಯ ಧಕ್ಕೆ ಈಗ ನೀರಿನ ನಡುವೆ ಸೇರಿದೆ ಎಂಬುದು ಮರುವಾಯಿ ಹೆಕ್ಕುವ ಹೆಂಗಸರಿಗೆಲ್ಲ ಗೊತ್ತಿತ್ತು. ಅಂಗಾರ ಮಾವನ ತನಕ ಅವರನ್ನು ಯಾರೂ ಕೇಳಿರಲಿಲ್ಲ. ಅಲ್ಲಿಯೇ ಸುಗಂಧಿಯ ಹೆಬ್ಬೆರಳಿಗೆ ಆ ಸಂಕೋಲೆ ತಾಗಿದ್ದು.

ನಿಧಿ ಸಿಕ್ಕಿದರೆ ಆ ಚಿನ್ನ ಮಾರಿ, ದುಡ್ಡು ಕಟ್ಟಿ ರಾಮದಾಸ ದುಬೈಗೆ ಹೊರಡಬೇಕು. ಅದೇ ಸುಗಂಧಿಯ ಸಂಕಟ. ಮಾವ ಬೊಂಬಾಯಿಯ ಏಜೆಂಟನ ಹತ್ತಿರ ಮಾತಾಡಿ ಆಗಿತ್ತು, ಉಡುಪಿಯ ಸ್ಟುಡಿಯೋದಲ್ಲಿ ಪಾಸ್‌ಪೋರ್ಟಿನ ಫೋಟೋ ತೆಗೆಸಿ ಆಗಿತ್ತು. ಅಕ್ಕ ಮನೋರಮಾಳ ಗಂಡನೂ ಹೀಗೆಯೇ ಎಪ್ಪತ್ತಾರನೇ ಇಸವಿಯಲ್ಲಿ ದುಬೈಯ ಲಾಂಚು ದೋಣಿ ಹತ್ತಿ ಹೋದವ. ಎರಡು ವರ್ಷವಾಯಿತು, ಒಂದು ಕಾಗದವಿಲ್ಲ. ಪೋಸ್ಟ್‌ಮ್ಯಾನ್ ಬೇಲಿ ದಾಟಿ ಹೋಗುವ ತನಕ ಅಕ್ಕ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಸುಗಂಧಿ ದಿನಾ ನೋಡುತ್ತಿದ್ದಳು.

ಹೇಳದೆ ಬಚ್ಚಿಟ್ಟದ್ದಕ್ಕೂ ಹೆದರಿಕೆ ಕಡಿಮೆಯಿರಲಿಲ್ಲ. "ನಿಧಿ ಕಂಡವರು ಕಂಡಿಲ್ಲ ಅನ್ನಬಾರದು ಮಗಾ, ಅಂದರೆ ಅದು ಮನೆಯ ಒಂದು ಜೀವ ಕೇಳ್ತದೆ," ಎಂದು ಅಜ್ಜಿ ಹೇಳುತ್ತಿದ್ದಳು. ಮೂರು ದಿನದಿಂದ ಸುಗಂಧಿಗೆ ನಿದ್ದೆಯಿಲ್ಲ. ಮಲಗಿದ ಗಂಡನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡುವುದೇ ಕೆಲಸ. ಒಮ್ಮೆ ಅವನು ಕಣ್ಣು ಮುಚ್ಚಿಕೊಂಡೇ ಆ ಬೆರಳನ್ನು ಹಿಡಿದು, "ಇನ್ನೂ ಉಂಟು ಮಾರಾಯ್ತಿ, ಮಲಗು," ಎಂದಿದ್ದ.

ಈಗ ಅವನು ಮೆಲ್ಲಮೆಲ್ಲನೆ ಹಳೆಯ ಧಕ್ಕೆಯ ಕಡೆಗೇ ಸರಿಯುತ್ತಿದ್ದ. ಅವಳು ತಿರುವಿನ ಕಡೆಗೆ ಕೈ ತೋರಿಸಿದಳು.

"ಅಲ್ಲಿ ಬೇಡ. ಈ ತಿರುವಿನಲ್ಲಿ ನೋಡುವ, ಬನ್ನಿ."

"ನೀನು ಕರೆದರೆ ಸಮುದ್ರಕ್ಕೂ ಬರ್ತೇನೆ."

"ಈಜು ಬರುವುದಿಲ್ಲ, ಮಾತಿಗೇನೂ ಕಡಿಮೆ ಇಲ್ಲ."

"ನಾನು ಹುಟ್ಟಿದ ಕಾರ್ಕಳದಲ್ಲಿ ಇದ್ದದ್ದು ಬಂಡೆ. ಬಂಡೆಯಲ್ಲಿ ಈಜು ಕಲಿಯಲಿಕ್ಕೆ ಆಗ್ತದಾ?" ಎನ್ನುತ್ತ ಅವನು ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ. ಕೆನ್ನೆಗೆ ಹತ್ತಿದ ಕೆಸರನ್ನು ನೋಡಿದ, ಒದ್ದೆಯಾಗಿ ಕುತ್ತಿಗೆಗೆ ಅಂಟಿದ ಕೂದಲನ್ನು ನೋಡಿದ. ಮದುವೆಯಾಗಿ ಎಂಟು ತಿಂಗಳಾದರೂ ಆ ನೋಟಕ್ಕೆ ಅವಳ ಕಿವಿ ಬಿಸಿಯಾಗುತ್ತಿತ್ತು. ನಾಚಿ ಆಚೆ ತಿರುಗಿದಳು.

"ಸುಗಂಧಿ." ಧ್ವನಿ ಬೇರೆಯಾಗಿತ್ತು. "ಕಾಲು ಬರ್ತಾ ಇಲ್ಲ."

ತಿರುವಿನ ಕೆಸರು ಮೆತ್ತಗಿನದು. ಅದು ಅವಳಿಗೆ ಗೊತ್ತಿತ್ತು, ಆತುರದಲ್ಲಿ ಮರೆತಿದ್ದಳು. ಅವನೋ ಕಲ್ಲುಕೋರೆಯಲ್ಲಿ ಬೆಳೆದವ, ಜಾರಿದರೆ ಕಾಲನ್ನು ಗಟ್ಟಿಯಾಗಿ ಊರಬೇಕು ಎಂದು ಕಲಿತವ. ಇಲ್ಲಿಯೂ ಊರಿದ. ಒಂದನ್ನು ಕೀಳಲು ಇನ್ನೊಂದನ್ನು ಊರಿದ. ಎರಡೂ ಮೊಣಕಾಲಿನ ತನಕ ಹುಗಿದುಹೋದವು. ಸೊಂಟದಲ್ಲಿದ್ದ ನೀರು ಎದೆಗೆ ಬಂತು.

ಸಮುದ್ರದ ಕಡೆಗೆ ತೇಲುತ್ತಿದ್ದ ಒಂದು ತೆಂಗಿನ ಸಿಪ್ಪೆ ಅಲ್ಲೇ ನಿಂತಿತು. ಆಮೇಲೆ ಮೆಲ್ಲನೆ ಹಿಂದಕ್ಕೆ ಬರತೊಡಗಿತು. ಉಬ್ಬರ ಶುರುವಾಗಿತ್ತು.

"ಯಾರಾದರೂ ಬನ್ನಿ!" ಎಂದು ಕೂಗಿದಳು. ದಡದ ಗುಳ್ಳಬದನೆಯ ಗದ್ದೆಗಳಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಕೈ ಹಿಡಿದು ಎಳೆ," ಎಂದ ರಾಮದಾಸ.

"ಎಳೆದರೆ ಇನ್ನೂ ಒಳಗೆ ಹೋಗ್ತೀರಿ. ನಿಲ್ಲಬೇಡಿ, ಹಿಂದಕ್ಕೆ ಮಲಗಿ!"

"ನೀರಿನಲ್ಲಿ ಮಲಗುವುದಾ?"

"ನನ್ನ ಮೇಲೆ ಮಲಗಿ ಅಂತ!"

ಅವನ ಹಿಂದೆ ಹೋಗಿ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡಳು. ತಾನು ಒಂದೇ ಕಡೆ ಊರದೆ ತುಳಿಯುತ್ತಲೇ ಇದ್ದು, ಹೆಬ್ಬೆರಳಿನಿಂದ ಅವನ ಕಾಲಿನ ಸುತ್ತ ಕೆಸರನ್ನು ಸಡಿಲಿಸತೊಡಗಿದಳು. ಸಡಿಲಿಸಿದಷ್ಟೂ ಕೆಸರು ತುಂಬಿಕೊಳ್ಳುತ್ತಿತ್ತು. ನೀರು ಅವನ ಗಲ್ಲಕ್ಕೆ ಬಂತು. ಅಜ್ಜಿಯ ಮಾತು ಕಿವಿಯಲ್ಲಿ ಕೇಳಿದಂತಾಗಿ ಅವಳಿಗೆ ತಡೆಯಲಾಗಲಿಲ್ಲ.

"ನಾನು ಸುಳ್ಳು ಹೇಳಿದೆ," ಎಂದು ಅತ್ತಳು. "ನಿಧಿ ಸಿಕ್ಕಿದೆ. ಸೋಮವಾರವೇ ಸಿಕ್ಕಿದೆ. ಮುಚ್ಚಿಟ್ಟೆ. ಅದಕ್ಕೇ ಅದು ನಿಮ್ಮನ್ನು ಕೇಳ್ತಾ ಉಂಟು."

"ಗೊತ್ತುಂಟು."

"ಎಂತ ಗೊತ್ತುಂಟು?"

"ಸಿಕ್ಕಿದ್ದು. ಮರುವಾಯಿ ತಾಗಿದರೆ ನೀನು ಕೂಡಲೇ ಬಗ್ಗ್ತೀಯ. ಸೋಮವಾರ ಬಗ್ಗಲಿಲ್ಲ. ನಿಂತು ನನ್ನ ಮುಖ ನೋಡಿದೆ." ಬಾಯಿಗೆ ಬಂದ ಉಪ್ಪುನೀರನ್ನು ಉಗುಳಿದ. "ನಾನು ಈ ಹೊಳೆಗೆ ಬಂದು ನೀರು ನೋಡಿದ್ದು ಯಾವಾಗ? ನಿನ್ನನ್ನೇ ನೋಡ್ತಿದ್ದದ್ದು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದರೆ ಹೋಗಬೇಕಲ್ಲ! ನನಗೆ ಹೋಗಲಿಕ್ಕೆ ಹೆದರಿಕೆ, ಸುಗಂಧಿ. ಲಾಂಚು ಅಂದರೆ ಹೆದರಿಕೆ, ನಿನ್ನನ್ನು ಬಿಟ್ಟು ಇರಲಿಕ್ಕೆ ಹೆದರಿಕೆ. ಗಂಡಸು ಹೀಗೆ ಹೇಳ್ತಾನಾ ಅಂತ ಸುಮ್ಮನಿದ್ದೆ. ನಿನಗೂ ನಾನು ಹೋಗುವುದೇ ಬೇಕು ಅಂದುಕೊಂಡೆ."

"ಹಾಗೆ ನಾನು ಯಾವಾಗ ಹೇಳಿದೆ?"

ಸಾವು ಗಲ್ಲದ ತನಕ ಬಂದಿರುವಾಗಲೂ ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಕೆಸರನ್ನು ಒದ್ದು ಒದ್ದು ಸಡಿಲಿಸಿದಳು. ಬಲಗಾಲು ಪುಳಕ್ಕೆಂದು ಬಂತು. "ಊರಬೇಡಿ, ತೇಲಿ, ತೇಲಿಸಿ ಹಿಡಿಯಿರಿ!" ಎಂದು ಬೊಬ್ಬೆ ಹೊಡೆದಳು. ನೀರು ಅವನ ಮೂಗಿನ ಮೇಲೆ ಒಮ್ಮೆ ಹೋಗಿ ಬಂತು, ಇನ್ನೊಮ್ಮೆ ಹೋಗಿ ಬಂತು. ಮೂರನೆಯ ಸಲ ಹೋದಾಗ ಎಡಗಾಲೂ ಕಿತ್ತು ಬಂತು. ಕೂದಲು ಹಿಡಿದು ಎಳೆದುಕೊಂಡು ದಡಕ್ಕೆ ಬಂದಳು. ಇಬ್ಬರೂ ಗದ್ದೆಯ ಬದುವಿನಲ್ಲಿ ಬಿದ್ದು, ಕೆಮ್ಮಿ, ಒಬ್ಬರನ್ನೊಬ್ಬರು ಬಿಡದೆ ಹಿಡಿದುಕೊಂಡರು.

ಮನೆಯ ಜಗಲಿಯಲ್ಲಿ ಅಂಗಾರ ಮಾವ ಕುಳಿತಿದ್ದರು. ಕೆಸರಾದ ಇಬ್ಬರನ್ನೂ ಕಂಡು ಗಾಬರಿಯಿಂದ ಎದ್ದರು. ಹೆಂಡತಿಯ ಮನೆಯಲ್ಲಿ ಉಳಿದ ಗಂಡ ಬಾಯಿ ಮುಚ್ಚಿಕೊಂಡಷ್ಟೂ ಮರ್ಯಾದೆ ಹೆಚ್ಚು ಎಂದು ತಿಳಿದಿದ್ದ ರಾಮದಾಸ ಅಂದು ಮೊದಲ ಸಲ ತಾನಾಗಿ ಮಾತಾಡಿದ.

"ನಿಧಿ ಸಿಕ್ಕಿದೆ, ಮಾವ. ಹಳೇ ಧಕ್ಕೆಯ ಹತ್ತಿರ ಉಂಟು, ತೋರಿಸ್ತೇವೆ. ಅದು ನಿಮ್ಮ ಕುಟುಂಬದ್ದು. ನಾನು ದುಬೈಗೆ ಹೋಗುವುದಿಲ್ಲ."

"ಎಂತಕ್ಕೆ?"

"ಹೆದರಿಕೆ, ಮಾವ."

"ಹೆದರಿಕೆಯಂತೆ! ನಾಚಿಕೆ ಇಲ್ಲದೆ ಹೇಳ್ತಾನೆ ನೋಡು!" ಮಾವನ ಮುಖ ಕೆಂಪಾಯಿತು. "ಹೆಂಡತಿಯ ಸೆರಗು ಹಿಡಿದು ಕೂತರೆ ಹೊಟ್ಟೆಗೆ ಎಂತ ಹಾಕ್ತೀ?"

"ಕಾಪುವಿನಲ್ಲಿ ಮನೆ ಕಟ್ಟುವವರಿಗೆ ಕಲ್ಲಿನ ಕೆಲಸದವ ಬೇಕಂತೆ. ನಾಳೆಯೇ ಹೋಗ್ತೇನೆ."

ಮಾವ ಇನ್ನೂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಮನೋರಮಾ, "ಇವರಾದರೂ ಇಲ್ಲಿ ಇರಲಿ, ಮಾವ," ಎಂದಳು. ಎರಡು ವರ್ಷದಿಂದ ಅವಳ ಧ್ವನಿ ಆ ಮನೆಯಲ್ಲಿ ಅಷ್ಟು ದೊಡ್ಡದಾಗಿ ಕೇಳಿರಲಿಲ್ಲ. ಅವಳ ಗಂಡನಿಗೆ ಲಾಂಚಿನ ವ್ಯವಸ್ಥೆ ಮಾಡಿಕೊಟ್ಟವರು ಇದೇ ಮಾವ. ಅವರು ಅವಳ ಮುಖ ನೋಡಲಾರದೆ ಅಂಗಳ ನೋಡಿದರು, ಆಮೇಲೆ ಒಳಗೆ ಹೋದರು.

ಬಾವಿಕಟ್ಟೆಯಲ್ಲಿ ಸುಗಂಧಿ ಗಂಡನ ಕಾಲಿಗೆ ನೀರು ಹೊಯ್ದಳು. ಇನ್ನೊಂದು ಕೈಯಿಂದ ಅವನ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದಿದ್ದಳು.

"ಹೆದರಿಕೆ ಹೋಗಲಿಲ್ವಾ?" ಎಂದು ರಾಮದಾಸ ಕೇಳಿದ.

"ಇಲ್ಲ. ನಿಮಗೆ?"

"ನನಗೂ ಇಲ್ಲ. ಇನ್ನು ಒಬ್ಬೊಬ್ಬರೇ ಹೆದರುವುದು ಬೇಡ, ಅಲ್ವಾ?"

ಅವಳು ಚೆಂಬನ್ನು ಕೆಳಗಿಟ್ಟಳು. ಯಾರಾದರೂ ನೋಡುತ್ತಾರೆ ಎಂಬುದನ್ನೂ ಲೆಕ್ಕಿಸದೆ ಅವನ ಒದ್ದೆ ಎದೆಗೆ ಹಣೆ ಒತ್ತಿ, ಮೂರು ದಿನದ ಅಳುವನ್ನೆಲ್ಲ ಅತ್ತಳು.